ಯೊಹಾನಾನ್ ಬೆನ್ ಝಕ್ಕಾಯ್: ಪಾಠಶಾಲೆಯನ್ನು ಬೇಡಿದ ಜ್ಞಾನಿ



ರಾಜಧಾನಿ ಶತ್ರುಗಳ ಪಾಲಾಗಿ, ಆರಾಧನಾಲಯ ಸುಟ್ಟು ಬೂದಿಯಾದ ಮೇಲೆ ಒಂದು ಜನಾಂಗ ಯಾವುದರ ಆಧಾರದಿಂದ ಉಳಿಯಬಲ್ಲದು? ಈ ಪ್ರಶ್ನೆಗೆ ಒಂದನೇ ಶತಮಾನದ ಯಹೂದಿ ಗುರು ಯೊಹಾನಾನ್ ಬೆನ್ ಝಕ್ಕಾಯ್ ಅವರ ಬದುಕಿನಲ್ಲಿ ಉತ್ತರವಿದೆ. ಹೆಸರಿನಲ್ಲಿರುವ 'ಬೆನ್' ಎಂದರೆ ಮಗ. ಅರಬ್ಬಿಯ 'ಇಬ್ನ್' ಇದ್ದಂತೆ.

ಯೊಹಾನಾನ್ ಅವರು ಖ್ಯಾತ ವಿದ್ವಾಂಸ ಹಿಲ್ಲೆಲ್ ಅವರ ಶಿಷ್ಯರೆಂದು ಪರಂಪರೆ ಹೇಳುತ್ತದೆ. ನಾವು ಬೈತುಲ್ ಮುಖದ್ದಸ್ ಎಂದು ಕರೆಯುವ ಜೆರೂಸಲೇಮ್ ನಗರದಲ್ಲಿ ಅವರು ತೋರಾ, ಅಂದರೆ ತೌರಾತ್, ಬೋಧಿಸುತ್ತಿದ್ದರು. ಸಂತೆಯಲ್ಲಿ ಎದುರಾದವರು ಯಾರೇ ಆಗಲಿ, ಅನ್ಯಧರ್ಮೀಯರೇ ಆಗಲಿ, ಮೊದಲು ವಂದಿಸುವವರು ಇವರೇ ಆಗಿರುತ್ತಿದ್ದರಂತೆ.

ಕ್ರಿ.ಶ. 66ರಲ್ಲಿ ಯಹೂದಿಗಳು ರೋಮನ್ನರ ವಿರುದ್ಧ ದಂಗೆ ಎದ್ದರು. ದಂಗೆ ಅಡಗಿಸಲು ಸೇನಾಪತಿ ವೆಸ್ಪಾಸಿಯನ್ ಬಂದನು. ಕೋಟೆಯ ಹೊರಗೆ ರೋಮನ್ ಸೈನ್ಯ, ಒಳಗೆ ಬಣಗಳ ಕಾದಾಟ. ಆ ಕಾದಾಟದಲ್ಲಿ ನಗರದ ದವಸದ ಉಗ್ರಾಣಗಳೇ ಸುಟ್ಟುಹೋದವು. ಸಂಧಿಯ ಮಾತೆತ್ತಿದವರಿಗೆ ಉಳಿಗಾಲವಿರಲಿಲ್ಲ.

ಮುಂದಿನದನ್ನು ತಾಲ್ಮುದ್ ಗ್ರಂಥ ಹೀಗೆ ಹೇಳುತ್ತದೆ. ಗುರುಗಳು ತೀರಿಕೊಂಡರೆಂದು ಸುದ್ದಿ ಹಬ್ಬಿಸಿ, ಶಿಷ್ಯರಾದ ಎಲಿಯೆಜರ್ ಮತ್ತು ಯೆಹೋಶುವಾ ಅವರನ್ನು ಶವದಂತೆ ಹೊತ್ತು ಕೋಟೆಯಾಚೆ ಸಾಗಿಸಿದರು. ವೆಸ್ಪಾಸಿಯನ್‌ನ ಎದುರು ನಿಂತ ಯೊಹಾನಾನ್, ನೀನು ಚಕ್ರವರ್ತಿಯಾಗುವೆ ಎಂದರು. 69ರಲ್ಲಿ ಅವನು ಚಕ್ರವರ್ತಿಯಾದದ್ದು ನಿಜ. ಬೇಕಾದ್ದನ್ನು ಕೇಳು ಎಂದಾಗ ಗುರುಗಳು ಕೇಳಿದ್ದರಲ್ಲಿ ಮುಖ್ಯವಾದದ್ದು, ಯಾವ್ನೆ ಎಂಬ ಊರನ್ನೂ ಅಲ್ಲಿಯ ವಿದ್ವಾಂಸರನ್ನೂ ಉಳಿಸಿಕೊಡಬೇಕೆಂಬುದು.

ಈ ಕಥೆ ಬರಹಕ್ಕಿಳಿದದ್ದು ಬಹಳ ಕಾಲದ ನಂತರ. ಅದರ ವಿವರಗಳನ್ನು ಇತಿಹಾಸಕಾರರು ಹಾಗೆಯೇ ಒಪ್ಪುವುದಿಲ್ಲ. ಆದರೆ 70ರಲ್ಲಿ ವೆಸ್ಪಾಸಿಯನ್‌ನ ಮಗ ಟೈಟಸ್ ಜೆರೂಸಲೇಮ್ ದೇವಾಲಯವನ್ನು ನಾಶಪಡಿಸಿದ ನಂತರ ಯಾವ್ನೆಯೇ ಯಹೂದಿ ವಿದ್ಯೆಯ ಕೇಂದ್ರವಾಯಿತೆಂಬುದು ಇತಿಹಾಸ.

ದೇವಾಲಯವಿಲ್ಲದೆ ಬಲಿ ಅರ್ಪಣೆ ನಿಂತಿತು. ಇನ್ನು ಪಾಪಪರಿಹಾರ ಹೇಗೆ ಎಂದು ಯೆಹೋಶುವಾ ದುಃಖಿಸಿದಾಗ, ಪರರಿಗೆ ಮಾಡುವ ದಯೆಯ ಕಾರ್ಯ ಅದಕ್ಕೆ ಸಮಾನ ಎಂದು ಗುರುಗಳು ಸಮಾಧಾನ ಹೇಳಿದರೆಂದು ಪ್ರತೀತಿ. ಹೊಸ ವರ್ಷ ಸಬ್ಬತ್ ದಿನ ಬಂದರೆ ದೇವಾಲಯದಲ್ಲಿ ಮಾತ್ರ ಊದುತ್ತಿದ್ದ ಟಗರಿನ ಕೊಂಬನ್ನು, ನ್ಯಾಯಸಭೆ ಇರುವ ಕಡೆಯಲ್ಲೂ ಊದಬಹುದೆಂದು ವಿಧಿಸಿದರು. ಹೀಗೆ ಕಲ್ಲಿನ ಕಟ್ಟಡದಲ್ಲಿದ್ದ ಧರ್ಮ ಜನರ ಓದಿಗೂ ನಡತೆಗೂ ಇಳಿಯಿತು.

ವಿದ್ಯಾರ್ಥಿ ಮಿತ್ರರೇ, ಅವರ ಪಾಠದ ಕ್ರಮವನ್ನೂ ಗಮನಿಸಿ. ಮನುಷ್ಯ ಹಿಡಿಯಬೇಕಾದ ಒಳ್ಳೆಯ ದಾರಿ ಯಾವುದೆಂದು ಹುಡುಕಿ ಬನ್ನಿ ಎಂದು ಐವರು ಶಿಷ್ಯರಿಗೆ ಹೇಳಿದರು. ಒಳ್ಳೆಯ ದೃಷ್ಟಿ, ಒಳ್ಳೆಯ ಗೆಳೆಯ, ಒಳ್ಳೆಯ ನೆರೆಯವ, ಮುಂದಾಲೋಚನೆ, ಒಳ್ಳೆಯ ಹೃದಯ ಎಂದು ಐದು ಉತ್ತರಗಳು ಬಂದವು. ಗುರುಗಳು ಕೊನೆಯದನ್ನು ಮೆಚ್ಚಿದರು. ಉಳಿದ ನಾಲ್ಕೂ ಅದರೊಳಗೇ ಇವೆ ಎಂದರು. ಉತ್ತರವನ್ನು ಬಾಯಿಪಾಠ ಮಾಡಿಸದೆ ಹುಡುಕಲು ಕಳುಹಿಸಿದ್ದೇ ಅವರ ಹಿರಿಮೆ.

ಅವರ ನಂತರ ಎರಡನೇ ಗಮಲಿಯೇಲ್ ಯಾವ್ನೆಯನ್ನು ಮುನ್ನಡೆಸಿದರು. ಎಲಿಯೆಜರ್, ಯೆಹೋಶುವಾ ಅವರ ಬಳಿ ಕಲಿತ ಅಕಿವಾ ಮಹಾವಿದ್ವಾಂಸರಾದರು. ಸುಮಾರು 200ರ ಹೊತ್ತಿಗೆ ಯೆಹೂದಾ ಹನಾಸಿ ಈ ಪರಂಪರೆಯ ಬೋಧನೆಗಳನ್ನು ಮಿಶ್ನಾ ಎಂಬ ಗ್ರಂಥವಾಗಿ ಸಂಕಲಿಸಿದರು. ತಾಲ್ಮುದ್ ಬೆಳೆದದ್ದು ಅದರ ಮೇಲೆಯೇ.

ಆದರೂ ಜೆರೂಸಲೇಮನ್ನೇ ಬಿಟ್ಟುಕೊಡೆಂದು ಏಕೆ ಕೇಳಲಿಲ್ಲ ಎಂಬ ಆಕ್ಷೇಪ ತಾಲ್ಮುದ್‌ನಲ್ಲೇ ಇದೆ. ಅಷ್ಟು ಕೇಳಿದ್ದರೆ ಇಷ್ಟೂ ಸಿಗುತ್ತಿರಲಿಲ್ಲವೇನೋ ಎಂಬ ಸಮಜಾಯಿಷಿಯೂ ಅಲ್ಲಿಯೇ ಇದೆ. ಮರಣಶಯ್ಯೆಯಲ್ಲಿ ಯೊಹಾನಾನ್, ತನ್ನನ್ನು ಸ್ವರ್ಗ ನರಕಗಳಲ್ಲಿ ಯಾವ ದಾರಿಗೆ ಒಯ್ಯುವರೋ ತಿಳಿಯದೆಂದು ಅತ್ತರಂತೆ.

ಅಂಥ ಜ್ಞಾನಿಗೂ ತನ್ನ ಬಗ್ಗೆ ಖಾತರಿಯಿರಲಿಲ್ಲ. ಆದರೆ ಕೈಯಲ್ಲಿ ಏನೂ ಉಳಿಯದ ಹೊತ್ತಿನಲ್ಲಿ ಅವರು ಕೇಳಿದ್ದು ಓದುವವರಿಗೊಂದು ಜಾಗವನ್ನು. ಅಂಥ ಜಾಗಗಳ ಬೆಲೆ ಏನೆಂದು ಬಲ್ಲವರು, ಶಾಲೆಯ ಬಾಗಿಲು ದಾಟಿ ಒಳಬರುವ ಪ್ರತಿ ಮಗುವನ್ನೂ ಯಾವ್ನೆಯಿಂದ ಬಂದ ಅತಿಥಿಯಂತೆ ಬರಮಾಡಿಕೊಳ್ಳಲಿ.