ಹುಚ್ಚಾಸ್ಪತ್ರೆಯ ಬಾಗಿಲಿಗೆ ಬಂದ ವಿದ್ಯಾರ್ಥಿಗಳು

ಬೆಂಗಳೂರಿನ ಹೊಸೂರು ರಸ್ತೆಯಲ್ಲಿರುವ ಆಸ್ಪತ್ರೆಯೊಂದಕ್ಕೆ ಊರಿನ ಹಳಬರು ಇಟ್ಟಿದ್ದ ಹೆಸರು ಒಂದೇ: ಹುಚ್ಚಾಸ್ಪತ್ರೆ. ಸರ್ಕಾರದ ಕಡತಗಳಲ್ಲಿ ಅದರ ಹೆಸರು ಎಷ್ಟು ಸಲ ಬದಲಾದರೂ ಜನರ ಬಾಯಿಯಲ್ಲಿ ಬದಲಾಗಲಿಲ್ಲ. ಆ ಬಾಗಿಲನ್ನು ತಾವಾಗಿ ದಾಟಲು ಬಯಸಿದವರು ಅಪರೂಪ. ಕರೆದುಕೊಂಡು ಬಂದವರೂ ತಲೆ ತಗ್ಗಿಸಿಯೇ ಬರುತ್ತಿದ್ದರು. ಅಂಥ ಬಾಗಿಲಿಗೆ 1955ರಿಂದೀಚೆಗೆ ಇನ್ನೊಂದು ಬಗೆಯ ಜನ ಬರತೊಡಗಿದರು. ಅವರು ರೋಗಿಗಳಲ್ಲ, ವೈದ್ಯರೂ ಅಲ್ಲ. ಮನಶ್ಶಾಸ್ತ್ರದಲ್ಲಿ ಎಂ.ಎ. ಮುಗಿಸಿ, ಕೈಯಲ್ಲಿ ಅರ್ಜಿ ಹಿಡಿದು, ‘ನಮ್ಮನ್ನು ಒಳಗೆ ಸೇರಿಸಿಕೊಳ್ಳಿ’ ಎಂದು ಕೇಳಿಕೊಂಡು ಬಂದ ತರುಣರು. ಈ ಅರ್ಜಿದಾರನ ಚರಿತ್ರೆ ಚಿಕ್ಕದು. ಆದರೆ ಅದರಲ್ಲಿ ನಮ್ಮ ಸಮಾಜವು ಮನಸ್ಸಿನ ಬೇನೆಯನ್ನು ಕಂಡ ರೀತಿಯೇ ಅಡಗಿದೆ.

‘ಕ್ಲಿನಿಕಲ್ ಸೈಕಾಲಜಿ’ ಎಂಬ ಮಾತಿಗೆ ವಯಸ್ಸು ಬಹಳವಿಲ್ಲ. ‘ಕ್ಲಿನಿಕ್’ ಎಂಬುದರ ಮೂಲ ಗ್ರೀಕ್ ಭಾಷೆಯಲ್ಲಿ ಹಾಸಿಗೆ ಎಂಬರ್ಥದ ಪದ. ರೋಗಿಯ ಹಾಸಿಗೆಯ ಪಕ್ಕದಲ್ಲಿ ಕಲಿತ ವಿದ್ಯೆ ಎಂಬುದು ಅದರ ಧ್ವನಿ. ಅಮೆರಿಕದ ಪೆನ್ಸಿಲ್ವೇನಿಯ ವಿಶ್ವವಿದ್ಯಾನಿಲಯದಲ್ಲಿ 1896ರಲ್ಲಿ ಲೈಟ್ನರ್ ವಿಟ್ಮರ್ ಎಂಬ ಅಧ್ಯಾಪಕನ ಬಳಿಗೆ ಶಾಲೆಯ ಉಪಾಧ್ಯಾಯಿನಿಯೊಬ್ಬಳು ಒಬ್ಬ ಹುಡುಗನನ್ನು ಕರೆತಂದಳು. ಹುಡುಗ ದಡ್ಡನಲ್ಲ, ಆದರೆ ಕಾಗುಣಿತ ಮಾತ್ರ ಹತ್ತುತ್ತಿರಲಿಲ್ಲ. ವಿಟ್ಮರ್ ಪರೀಕ್ಷಿಸಿ ನೋಡಿದಾಗ ತೊಂದರೆಯ ಒಂದು ಪಾಲು ಕಣ್ಣಿನಲ್ಲಿತ್ತು. ಕನ್ನಡಕ ಬಂತು, ಜೊತೆಗೆ ಪಾಠವೂ ನಡೆಯಿತು. ಪ್ರಯೋಗಶಾಲೆಯ ಶಾಸ್ತ್ರ ಒಬ್ಬ ಹುಡುಗನ ಉಪಯೋಗಕ್ಕೆ ಬಂದದ್ದು ಹೀಗೆ. ಆ ವಿದ್ಯೆಗೆ ವಿಟ್ಮರ್ ಹೆಸರಿಟ್ಟು ಪತ್ರಿಕೆಯೊಂದನ್ನು ಹೊರಡಿಸಿದ್ದು 1907ರಲ್ಲಿ.

ಆದರೆ ಈ ವಿದ್ಯೆಗೆ ಶಾಲೆ ಕಟ್ಟಿಸಿದ್ದು ಎರಡನೆಯ ಮಹಾಯುದ್ಧ. ರಣರಂಗದಿಂದ ಮರಳಿದ ಅಮೆರಿಕದ ಸೈನಿಕರಲ್ಲಿ ಅನೇಕರ ಮೈಯ ಗಾಯ ಮಾಗಿತ್ತು, ಮನಸ್ಸಿನದು ಮಾಗಿರಲಿಲ್ಲ. ಅವರನ್ನು ನೋಡಿಕೊಳ್ಳಲು ಮನೋವೈದ್ಯರು ಸಾಲದೆ, ಮಾಜಿ ಸೈನಿಕರ ಇಲಾಖೆ 1946ರಲ್ಲಿ ವಿಶ್ವವಿದ್ಯಾನಿಲಯಗಳ ಜೊತೆಗೂಡಿ ಮನಶ್ಶಾಸ್ತ್ರಜ್ಞರ ತರಬೇತಿಗೆ ಹಣ ಕೊಡಲಾರಂಭಿಸಿತು. ಹೇಗೆ ಕಲಿಸಬೇಕೆಂಬ ಚರ್ಚೆಗೆ 1949ರಲ್ಲಿ ಕೊಲರಾಡೊದ ಬೋಲ್ಡರ್ ಎಂಬ ಊರಿನಲ್ಲಿ ಸಭೆ ಸೇರಿತು. ಅಭ್ಯರ್ಥಿಯು ಸಂಶೋಧಕನೂ ಆಗಬೇಕು, ಚಿಕಿತ್ಸಕನೂ ಆಗಬೇಕು ಎಂಬುದು ಅಲ್ಲಿನ ತೀರ್ಮಾನ. ಎರಡು ದೋಣಿಯಲ್ಲಿ ಕಾಲಿಡಬಹುದೇ ಎಂಬ ಸಂಶಯ ಆಗಲೂ ಇತ್ತು. 1968ರಲ್ಲಿ ಇಲಿನಾಯ್ ವಿಶ್ವವಿದ್ಯಾನಿಲಯ ಚಿಕಿತ್ಸೆಗೇ ಒತ್ತು ಕೊಟ್ಟ ಬೇರೆ ಡಾಕ್ಟರೇಟನ್ನು ಆರಂಭಿಸಿತು. 1973ರ ವೇಲ್ ಸಭೆ ಅದಕ್ಕೂ ಮನ್ನಣೆ ಕೊಟ್ಟಿತು. ಈ ವಿದ್ಯೆಗೆ ಅರ್ಜಿ ಬರೆಯುವ ಅಮೆರಿಕದ ವಿದ್ಯಾರ್ಥಿ ಅಂದಿನಿಂದ ಈ ಎರಡು ದಾರಿಗಳ ಕವಲಿನಲ್ಲಿ ನಿಂತು ಯೋಚಿಸಬೇಕಾಯಿತು.

ನಮ್ಮ ದೇಶದಲ್ಲಿ ಕಥೆ ಬೇರೆ ತುದಿಯಿಂದ ಆರಂಭವಾಯಿತು. ಕಲ್ಕತ್ತೆಯಲ್ಲಿ 1915-16ರ ಸುಮಾರಿಗೆ ಮೊದಲ ಮನಶ್ಶಾಸ್ತ್ರ ವಿಭಾಗ ತೆರೆಯಿತು. ಅದಕ್ಕೆ ಮೊದಲೇ ಅಲ್ಲಿ ಪಠ್ಯಕ್ರಮವನ್ನು ರೂಪಿಸಿದ್ದ ಬ್ರಜೇಂದ್ರನಾಥ ಸೀಲರು ಮುಂದೆ ಮೈಸೂರು ವಿಶ್ವವಿದ್ಯಾನಿಲಯದ ಕುಲಪತಿಗಳಾಗಿ ಬಂದರು. ಅವರ ಕಾಲದಲ್ಲಿಯೇ, 1924ರಲ್ಲಿ, ಮೈಸೂರಿನಲ್ಲಿ ಮನಶ್ಶಾಸ್ತ್ರ ವಿಭಾಗ ಹುಟ್ಟಿತು. ಅದನ್ನು ಕಟ್ಟಿದವರು ಲಂಡನ್ನಿನಲ್ಲಿ ಸ್ಪಿಯರ್‌ಮನ್ನರ ಬಳಿ ಕಲಿತು ಬಂದ ಎಂ. ವಿ. ಗೋಪಾಲಸ್ವಾಮಿ. 1935ರಲ್ಲಿ ತಮ್ಮ ಮನೆಯಲ್ಲಿಯೇ ಬಾನುಲಿ ಕೇಂದ್ರ ನಡೆಸಿ ‘ಆಕಾಶವಾಣಿ’ಯನ್ನು ನಾಡಿಗೆ ಕೇಳಿಸಿದವರೂ ಅವರೇ.

ಇತ್ತ ಧಾರವಾಡದಲ್ಲಿ ವಿ. ವಿ. ಕಾಮತರು ಇನ್ನೊಂದು ಮುಖ್ಯ ಕೆಲಸ ಮಾಡಿದರು. ಫ್ರಾನ್ಸಿನ ಬಿನೆ ರಚಿಸಿದ ಬುದ್ಧಿಪರೀಕ್ಷೆಯನ್ನು ಕನ್ನಡ ಮತ್ತು ಮರಾಠಿ ಮಕ್ಕಳಿಗೆ ಹೊಂದುವಂತೆ ತಿದ್ದಿ, ಶಾಲೆಗಳಲ್ಲಿ ಪ್ರಯೋಗಿಸಿ, 1940ರಲ್ಲಿ ಪುಸ್ತಕವಾಗಿ ಪ್ರಕಟಿಸಿದರು. ಪ್ಯಾರಿಸ್ಸಿನ ಮಗುವಿಗೆ ಹಾಕಿದ ಪ್ರಶ್ನೆಯನ್ನು ಧಾರವಾಡದ ಮಗುವಿಗೆ ಹಾಗೆಯೇ ಹಾಕಿ, ಉತ್ತರ ಬಾರದಿದ್ದರೆ ದಡ್ಡನೆನ್ನುವುದು ನ್ಯಾಯವಲ್ಲ ಎಂಬ ಸರಳ ಸತ್ಯವನ್ನು ಅವರು ಕೃತಿಯಲ್ಲಿ ತೋರಿಸಿದರು. ‘ಬಿನೆ-ಕಾಮತ್ ಪರೀಕ್ಷೆ’ಯನ್ನು ಮುಂದಿನ ತಲೆಮಾರುಗಳ ವಿದ್ಯಾರ್ಥಿಗಳು ಆಸ್ಪತ್ರೆಯ ಕೋಣೆಗಳಲ್ಲಿ ಕಲಿತರು.

ವಿದ್ಯೆ ಇತ್ತು, ಆದರೆ ಅದು ಕಾಲೇಜಿನ ಗೋಡೆಯೊಳಗಿತ್ತು. ಬೇನೆ ಆಸ್ಪತ್ರೆಯ ಗೋಡೆಯೊಳಗಿತ್ತು. ಎರಡಕ್ಕೂ ನಡುವೆ ಬಾಗಿಲು ಬೇಕಾಗಿತ್ತು. 1946ರ ಭೋರ್ ಸಮಿತಿಯ ವರದಿ ಅಂದಿನ ಸ್ಥಿತಿಯನ್ನು ಅಂಕಿಗಳಲ್ಲಿ ಬಿಚ್ಚಿಟ್ಟಿತು. ಇಂಗ್ಲೆಂಡಿನಲ್ಲಿ ಸುಮಾರು 300 ಜನರಿಗೆ ಮಾನಸಿಕ ಆಸ್ಪತ್ರೆಯ ಒಂದು ಹಾಸಿಗೆ ಇದ್ದರೆ, ಭಾರತದಲ್ಲಿ ಸುಮಾರು 40,000 ಜನರಿಗೆ ಒಂದು. ಹಾಸಿಗೆಗಿಂತಲೂ ದೊಡ್ಡ ಕೊರತೆ ಅದರ ಪಕ್ಕದಲ್ಲಿ ಕುಳಿತುಕೊಳ್ಳಬಲ್ಲ ತರಬೇತಿ ಪಡೆದವರದು. ಆ ಕೊರತೆ ತುಂಬಲು ಮೈಸೂರು ಸರ್ಕಾರದ ಮಾನಸಿಕ ಆಸ್ಪತ್ರೆಯನ್ನು ಜೊತೆಗೂಡಿಸಿಕೊಂಡು ಬೆಂಗಳೂರಿನಲ್ಲಿ 1954ರಲ್ಲಿ ಅಖಿಲ ಭಾರತ ಮಾನಸಿಕ ಆರೋಗ್ಯ ಸಂಸ್ಥೆ ಸ್ಥಾಪನೆಯಾಯಿತು. ಅದರ ಮೊದಲ ನಿರ್ದೇಶಕರು ಮನೋವೈದ್ಯ ಎಂ. ವಿ. ಗೋವಿಂದಸ್ವಾಮಿ. ಮೈಸೂರಿನ ಗೋಪಾಲಸ್ವಾಮಿ, ಬೆಂಗಳೂರಿನ ಗೋವಿಂದಸ್ವಾಮಿ: ಒಬ್ಬರು ಮನಶ್ಶಾಸ್ತ್ರಜ್ಞರು, ಇನ್ನೊಬ್ಬರು ವೈದ್ಯರು. ಹೆಸರಿನಿಂದ ಗೊಂದಲವಾಗುವ ಈ ಇಬ್ಬರನ್ನೂ ಈ ಚರಿತ್ರೆ ಮರೆಯುವಂತಿಲ್ಲ.

1955ರಲ್ಲಿ ಎರಡು ಡಿಪ್ಲೊಮಾಗಳು ಆರಂಭವಾದುವು. ವೈದ್ಯಪದವೀಧರರಿಗೆ ಮೀಸಲಾದದ್ದು ‘ಸೈಕಲಾಜಿಕಲ್ ಮೆಡಿಸಿನ್’. ಮನಶ್ಶಾಸ್ತ್ರದ ಪದವೀಧರರಿಗೆ ‘ಮೆಡಿಕಲ್ ಸೈಕಾಲಜಿ’. ಅವೇ ಎರಡು ಮಾತುಗಳು ಹಿಂದುಮುಂದಾಗಿದ್ದವು, ಅಷ್ಟೆ. ಆದರೆ ಇಬ್ಬರೂ ಒಂದೇ ವಾರ್ಡಿನಲ್ಲಿ, ಒಂದೇ ರೋಗಿಯ ಮುಂದೆ ಕಲಿಯಬೇಕೆಂಬುದು ಆ ಕಾಲಕ್ಕೆ ದಿಟ್ಟ ಕಲ್ಪನೆ. ಔಷಧ ಬರೆಯಲಾರದವನಿಗೂ ರೋಗಿಯ ಬಳಿ ಕೆಲಸವಿದೆ ಎಂಬುದನ್ನು ಸಂಸ್ಥೆಯೊಂದು ಒಪ್ಪಿಕೊಂಡಿತು. ಬೆಂಗಳೂರಿನ ಆ ವಿಭಾಗದಲ್ಲಿ ಪ್ರಾಧ್ಯಾಪಕರಾಗಿದ್ದವರು ಸಾಲಿಗ್ರಾಮ ಕೃಷ್ಣ ರಾಮಚಂದ್ರರಾಯರು. ಆಗಮ, ಶಿಲ್ಪ, ಬೌದ್ಧದರ್ಶನಗಳ ವಿದ್ವಾಂಸರೆಂದೇ ಕನ್ನಡಿಗರು ಅವರನ್ನು ಬಲ್ಲರು. ಜೀವನೋಪಾಯದ ವೃತ್ತಿ ಮನಶ್ಶಾಸ್ತ್ರವೆಂಬುದು ಅನೇಕರಿಗೆ ಹೊಸ ಸಂಗತಿಯಾದೀತು. ರಾಂಚಿಯಲ್ಲಿಯೂ 1962ರಲ್ಲಿ ಇಂಥದೇ ತರಬೇತಿ ಮೊದಲಾಯಿತು. 1968ರಲ್ಲಿ ಈ ವೃತ್ತಿಯವರ ಅಖಿಲ ಭಾರತ ಸಂಘವೂ ಹುಟ್ಟಿತು. ಡಿಪ್ಲೊಮಾದ ಹೆಸರಿಗೆ ‘ಸೋಷಿಯಲ್’ ಎಂಬ ಮಾತು ಸೇರಿತು, ಮುಂದೆ ಅದು ಎಂ.ಫಿಲ್. ಆಯಿತು. 1974ರಲ್ಲಿ ಆಸ್ಪತ್ರೆಯೂ ಸಂಸ್ಥೆಯೂ ಕೂಡಿ ನಿಮ್ಹಾನ್ಸ್ ಆದುವು.

ಅರ್ಜಿದಾರರು ಹೆಚ್ಚಿದರು, ಬಾಗಿಲು ಅಷ್ಟಾಗಿ ಅಗಲವಾಗಲಿಲ್ಲ. ಇದು ಹಟವಲ್ಲ, ವಿದ್ಯೆಯ ಸ್ವಭಾವ. ಚರಿತ್ರೆಯ ಪಾಠವನ್ನು ನೂರು ಜನರಿಗೆ ಒಂದೇ ಕೊಠಡಿಯಲ್ಲಿ ಹೇಳಬಹುದು. ಆದರೆ ಸಾಯಬೇಕೆಂದು ಹೇಳುವ ವ್ಯಕ್ತಿಯ ಮುಂದೆ ಹೇಗೆ ಸುಮ್ಮನಿರಬೇಕು, ಯಾವಾಗ ಮಾತಾಡಬೇಕು ಎಂಬುದನ್ನು ನೂರು ಜನರಿಗೆ ಒಮ್ಮೆಲೇ ಕಲಿಸಲಾಗದು. ಶಿಷ್ಯ ರೋಗಿಯೊಡನೆ ಮಾತಾಡಬೇಕು. ಬರೆದ ಟಿಪ್ಪಣಿಯನ್ನು ಗುರು ಓದಬೇಕು. ತಪ್ಪನ್ನು ಅಂದೇ ತೋರಿಸಬೇಕು. ಹಳೆಯ ಸಂಗೀತ ಗುರುಗಳ ಮನೆಯ ಪಾಠದಂತೆ ಇದು. ಆದ್ದರಿಂದ ಸೀಟುಗಳ ಸಂಖ್ಯೆ ಕಟ್ಟಡಕ್ಕಲ್ಲ, ಗುರುಗಳ ಸಂಖ್ಯೆಗೆ ಕಟ್ಟುಬಿದ್ದಿದೆ. ಲಿಖಿತ ಪರೀಕ್ಷೆಯ ಜೊತೆಗೆ ಸಂದರ್ಶನವನ್ನೂ ಇಟ್ಟದ್ದಕ್ಕೆ ಕಾರಣವೂ ಇದೇ. ಅಂಕ ಬಂದವನಿಗೆ ಕಿವಿ ಇದೆಯೇ ಎಂಬುದನ್ನು ಅಂಕಪಟ್ಟಿ ಹೇಳದು.

ಕಾಯಿದೆಯೂ ಈ ಬಾಗಿಲಿಗೆ ಕಾವಲು ನಿಂತಿತು. 1992ರ ಭಾರತೀಯ ಪುನರ್ವಸತಿ ಪರಿಷತ್ತಿನ ಕಾಯಿದೆ ಈ ವೃತ್ತಿಯನ್ನು ತನ್ನ ನೋಂದಣಿಯೊಳಗೆ ತಂದಿತು. 2017ರ ಮಾನಸಿಕ ಆರೋಗ್ಯ ಕಾಯಿದೆ ‘ಕ್ಲಿನಿಕಲ್ ಸೈಕಾಲಜಿಸ್ಟ್’ ಯಾರೆಂಬುದನ್ನು ಶಬ್ದಗಳಲ್ಲಿ ನಿರೂಪಿಸಿತು. ‘ಮೆಡಿಕಲ್ ಅಂಡ್ ಸೋಷಿಯಲ್ ಸೈಕಾಲಜಿ’ ಎಂಬ ಹಳೆಯ ಹೆಸರು ಆ ಕಾಯಿದೆಯಲ್ಲಿ ಹಾಗೆಯೇ ಉಳಿದಿದೆ. ಎರಡು ವರ್ಷ ಪೂರ್ಣಕಾಲ, ಹಿರಿಯರ ಕಣ್ಣೆದುರಿನ ತರಬೇತಿ ಇಲ್ಲದೆ ಎಂ.ಎ. ಒಂದರಿಂದಲೇ ಆ ಹೆಸರು ದಕ್ಕದು. ಮನಸ್ಸು ನೊಂದವನು ಮೋಸ ಹೋಗುವುದು ಸುಲಭ. ಆದಕಾರಣ ಈ ಕಟ್ಟುನಿಟ್ಟು ಸಲ್ಲುವಂಥದೇ.

ಆದರೆ 2022ರ ನವೆಂಬರಿನಲ್ಲಿ ವಿಶ್ವವಿದ್ಯಾನಿಲಯ ಧನಸಹಾಯ ಆಯೋಗ ಎಂ.ಫಿಲ್. ಪದವಿಯನ್ನೇ ನಿಲ್ಲಿಸುವ ನಿಯಮ ತಂದಿತು. ಉಳಿದ ಶಾಸ್ತ್ರಗಳಲ್ಲಿ ಅದು ಪಿಎಚ್.ಡಿ.ಗೆ ಮುಂಚಿನ ಮೆಟ್ಟಿಲು ಮಾತ್ರ. ಇಲ್ಲಿ ಅದೇ ವೃತ್ತಿಯ ಪರವಾನಗಿ. ಈ ವ್ಯತ್ಯಾಸವನ್ನು ಎತ್ತಿಹೇಳಿದ ಮೇಲೆ 2024ರಲ್ಲಿ ಈ ವಿಷಯಕ್ಕೆ 2025-26ರ ಸಾಲಿನವರೆಗೆ ಅವಧಿ ಕೊಡಲಾಯಿತು. ಎಪ್ಪತ್ತು ವರ್ಷ ಹಳೆಯ ದಾರಿ ಹೀಗೆ ತಿರುವಿಗೆ ಬಂದಿತು. 2015-16ರ ರಾಷ್ಟ್ರೀಯ ಸಮೀಕ್ಷೆ ವಯಸ್ಕರಲ್ಲಿ ಶೇಕಡ 10.6ರಷ್ಟು ಜನರಿಗೆ ಮಾನಸಿಕ ತೊಂದರೆಯಿದೆಯೆಂದು ಕಂಡ ದೇಶದಲ್ಲಿ, ಇದು ಬರಿಯ ಪದವಿಯ ಹೆಸರಿನ ಪ್ರಶ್ನೆಯಲ್ಲ.

ಹೊಸ ಪದವಿಗೆ ಯಾವ ಹೆಸರನ್ನಾದರೂ ಇಡಲಿ. 1955ರ ಎರಡು ಪಾಠಗಳು ಬಿಟ್ಟುಹೋಗಬಾರದು. ಕಲಿಕೆ ರೋಗಿಯ ಎದುರಿಗೇ ನಡೆಯಬೇಕು, ಗುರು ಪಕ್ಕದಲ್ಲಿರಬೇಕು. ಬಾಗಿಲನ್ನು ಅಗಲಿಸಬೇಕೆನ್ನುವವರು ಮೊದಲು ಗುರುಗಳನ್ನು ಹೆಚ್ಚಿಸಲಿ. ಇದಕ್ಕೆ ಧಾರವಾಡದ ಪಾಠವೊಂದನ್ನು ಸೇರಿಸಬಹುದು. ಅಭ್ಯರ್ಥಿ ಪರೀಕ್ಷೆ ಬರೆಯುವುದು ಇಂಗ್ಲಿಷಿನಲ್ಲಿ. ರಾಯಚೂರಿನಿಂದ ಬಂದ ರೈತನೋ ಮಂಡ್ಯದಿಂದ ಬಂದ ತಾಯಿಯೋ ದುಃಖ ಹೇಳಿಕೊಳ್ಳುವುದು ತಮ್ಮ ಕನ್ನಡದಲ್ಲಿ. ‘ಎದೆ ಉರಿಯುತ್ತೆ’, ‘ಜೀವ ಹಗುರ ಆಗಲ್ಲ’ ಎಂಬ ಮಾತುಗಳಿಗೆ ಪಠ್ಯಪುಸ್ತಕದ ಕೊನೆಯಲ್ಲಿ ಅರ್ಥ ಕೊಟ್ಟಿರುವುದಿಲ್ಲ. ಆ ಮಾತು ತಿಳಿದವನನ್ನು ಒಳಗೆ ಬಿಟ್ಟುಕೊಳ್ಳುವ ಬಾಗಿಲೇ ರೋಗಿಯ ಪಾಲಿಗೆ ತೆರೆದ ಬಾಗಿಲು.