ಕ್ರಿಪ್ಟೊ ಗಣಿಗಾರಿಕೆ: ವಾಹನ ವೆಚ್ಚಕ್ಕೆ ತೆರಿಗೆ ಕಡಿತ ಇಲ್ಲ

ಬಳ್ಳಾರಿಯಲ್ಲಿ ಗಣಿಗಾರಿಕೆ ಎಂದರೆ ಕಬ್ಬಿಣದ ಅದಿರು. ಕಂಪ್ಯೂಟರ್ ಯಂತ್ರಗಳನ್ನು ಹಗಲಿರುಳು ನಡೆಸಿ ಬಿಟ್‌ಕಾಯಿನ್‌ ಗಳಿಸುವುದಕ್ಕೂ ಈಗ ಅದೇ ಹೆಸರು. ತೆರಿಗೆ ಲೆಕ್ಕದಲ್ಲಿ ಮಾತ್ರ ಎರಡರ ದಾರಿ ಬೇರೆ.

ಅಮೆರಿಕದಲ್ಲಿ ವ್ಯವಹಾರಕ್ಕಾಗಿ ಕ್ರಮಿಸಿದ ಪ್ರತಿ ಮೈಲಿಗೆ ನಿಗದಿತ ದರದ ಕಡಿತವುಂಟು. ಭಾರತದ ವರ್ತಕರಿಗೆ ಅಂತಹ ದರವಿಲ್ಲ. ವಾಸ್ತವ ಖರ್ಚೇ ಆಧಾರ. ಬಳ್ಳಾರಿಯ ವರ್ತಕರೊಬ್ಬರು ಭತ್ತ ಖರೀದಿಗೆಂದು ಸಿರುಗುಪ್ಪ, ಕುರುಗೋಡಿಗೆ ಸ್ವಂತ ಕಾರಿನಲ್ಲಿ ಓಡಾಡಿದರೆ ಇಂಧನ, ದುರಸ್ತಿ, ವಿಮೆಯ ವೆಚ್ಚವನ್ನೂ ಸಾಮಾನ್ಯವಾಗಿ ಶೇ 15ರ ಸವಕಳಿಯನ್ನೂ ಆದಾಯದಿಂದ ಕಳೆಯಬಹುದು. ಮದುವೆ, ಜಾತ್ರೆಗೆ ಓಡಿದ ಪಾಲನ್ನು ಬಿಡಬೇಕು. ಆದ್ದರಿಂದ ದಿನಾಂಕ, ಊರು, ಕೆಲಸ, ಮೀಟರ್ ಅಂಕಿ ಬರೆದಿಟ್ಟ ಪುಸ್ತಕ ರಸೀದಿಗಳಷ್ಟೇ ಮುಖ್ಯ.

ಅದೇ ಕಾರು ಕ್ರಿಪ್ಟೊ ಯಂತ್ರಗಳ ಉಸ್ತುವಾರಿಗೆ ಹೊರಟರೆ ಈ ಸೌಲಭ್ಯ ದೊರೆಯದು. 2022ರ ಹಣಕಾಸು ಕಾಯ್ದೆ ತಂದ ನಿಯಮದಂತೆ ಕ್ರಿಪ್ಟೊ ವರ್ಗಾವಣೆಯ ಆದಾಯಕ್ಕೆ ಶೇ 30 ತೆರಿಗೆ; ಕಳೆಯಬಹುದಾದದ್ದು ಸ್ವಾಧೀನ ವೆಚ್ಚ ಮಾತ್ರ. ಗಣಿಗಾರಿಕೆಯ ಮೂಲಸೌಕರ್ಯಕ್ಕೆ ತಗಲುವ ಖರ್ಚು ಸ್ವಾಧೀನ ವೆಚ್ಚವಲ್ಲ ಎಂದು ಹಣಕಾಸು ಸಚಿವಾಲಯ 2022ರ ಮಾರ್ಚ್‌ನಲ್ಲಿ ಸಂಸತ್ತಿಗೆ ತಿಳಿಸಿತು. ಯಂತ್ರಕ್ಕೇ ಇಲ್ಲದ ರಿಯಾಯಿತಿ ಅದನ್ನು ನೋಡಲು ಹೋದ ಕಾರಿಗೆ ಎಲ್ಲಿಂದ? ಕ್ರಿಪ್ಟೊ ಮಾರಾಟದಲ್ಲಿ ನಷ್ಟವಾದರೆ ಅದನ್ನು ಭತ್ತದ ಲಾಭಕ್ಕೆ ಹೊಂದಿಸಲೂ, ಮುಂದಿನ ವರ್ಷಕ್ಕೆ ಒಯ್ಯಲೂ ಅವಕಾಶವಿಲ್ಲ. ಎರಡೂ ವ್ಯವಹಾರ ನಡೆಸುವವರು ಓಡಾಟವನ್ನು ಬೇರೆಬೇರೆಯಾಗಿ ದಾಖಲಿಸದಿದ್ದರೆ ಭತ್ತದ ಪಾಲಿನ ಕಡಿತವೂ ತಕರಾರಿಗೆ ಸಿಲುಕಬಹುದು.