ಜೋಗುಳದಲ್ಲಿ ಉಳಿದ ಎಚ್ಚರ

ನಮ್ಮಲ್ಲಿ ಹೆಚ್ಚಿನವರ ಕಿವಿಗೆ ಸುನಾಮಿ ಎಂಬ ಜಪಾನೀ ಮಾತು ಬಿದ್ದದ್ದೇ 2004ರ ಡಿಸೆಂಬರ್ 26ರ ಸುದ್ದಿಯಲ್ಲಿ. ಆದರೆ ಸುಮಾತ್ರಾದ ಪಶ್ಚಿಮಕ್ಕಿರುವ ಸಿಮೆಲುಯೆ ದ್ವೀಪದವರಿಗೆ ಅದಕ್ಕೆ ತಮ್ಮದೇ ಹೆಸರಿತ್ತು: ಸ್ಮಾಂಗ್. 1907ರ ಜನವರಿಯಲ್ಲಿ ಕಡಲು ನುಗ್ಗಿ ಊರೂರೇ ಕೊಚ್ಚಿಹೋದ ಮೇಲೆ, ಬದುಕುಳಿದವರು ಆ ಹೆಸರನ್ನು ಕಥೆಗೂ ಜೋಗುಳಕ್ಕೂ ಸೇರಿಸಿದರು. ಪಾಠ ಇಷ್ಟೇ: ನೆಲ ಜೋರಾಗಿ ನಡುಗಿ, ಕಡಲು ಹಿಂದೆ ಸರಿದರೆ ಗುಡ್ಡ ಹತ್ತು. 2004ರಲ್ಲಿ ದ್ವೀಪದ ಉತ್ತರ ತುದಿಗೆ ಅಲೆ ಹತ್ತು ನಿಮಿಷದೊಳಗೇ ಬಂತು. ಸೈರನ್ ಇರಲಿಲ್ಲ, "ಸ್ಮಾಂಗ್" ಎಂಬ ಕೂಗಿತ್ತು. ಸುಮಾರು 78,000 ಜನರಲ್ಲಿ ಸತ್ತವರು ಏಳು ಮಂದಿ. ಕರಾವಳಿಯನ್ನು ಕಾಯುವುದು ಮೊದಲು ಮನೆಮಾತಾದ ತಿಳಿವಳಿಕೆ, ಉಪಕರಣ ಆಮೇಲೆ ಎನ್ನಲು ಇದಕ್ಕಿಂತ ಗಟ್ಟಿ ಸಾಕ್ಷಿ ಬೇಡ.

ಅಲ್ಲಿ ಗುಡ್ಡ ಹತ್ತಿರವಿತ್ತು, ಅದೇ ಅಲೆಗೆ ತುತ್ತಾದ ಸುಮಾತ್ರಾದ 'ಬಾಂದಾ ಆಚೆ' ನಗರದ್ದು ಬಯಲು ನೆಲ, ಹೋಲಿಕೆ ಸಲ್ಲದು ಎನ್ನಬಹುದು. ಮಾತು ನಿಜ, ಆದರೆ ಗುಡ್ಡ ತಾನಾಗಿ ಯಾರನ್ನೂ ಉಳಿಸುವುದಿಲ್ಲ. ಜಪಾನಿನ ಸಾನ್ರಿಕು ತೀರದ ಬೆನ್ನಿಗೇ ಬೆಟ್ಟಗಳಿವೆ. 1896ರಲ್ಲಿ ಅಲ್ಲಿ ಸುಮಾರು 22,000 ಜನ ಸತ್ತರು, ಏಕೆಂದರೆ ನಡುಕ ಮೆಲ್ಲಗಿತ್ತು, ಯಾರೂ ಓಡಲಿಲ್ಲ. ಅನೆಯೊಶಿ ಎಂಬ ಪುಟ್ಟ ಊರಿನವರು ಮತ್ತೆ ಕಡಲಂಚಿನಲ್ಲೇ ಮನೆ ಕಟ್ಟಿ, 1933ರಲ್ಲಿ ಮತ್ತೆ ಅಳಿದರು. ಆಮೇಲೆ ಬದುಕುಳಿದವರು ಏರುದಾರಿಯ ಪಕ್ಕ ಒಂದು ಕಲ್ಲು ನೆಟ್ಟು, ಇದರ ಕೆಳಗೆ ಮನೆ ಕಟ್ಟಕೂಡದೆಂದು ಕೆತ್ತಿಸಿದರು. ಅದನ್ನು ಪಾಲಿಸಿದರು ಕೂಡ. 2011ರಲ್ಲಿ ನೀರು ಆ ಕಲ್ಲಿನ ಕೆಳಗೇ ನಿಂತಿತು. ಅದೇ ತೀರದ ತಾರೊ ಊರಿನ ಹತ್ತು ಮೀಟರ್ ಎತ್ತರದ ಗೋಡೆಯನ್ನು ಮಾತ್ರ ಅಲೆ ದಾಟಿತು.

ಹಾಗಾದರೆ ಯಂತ್ರ ಬೇಡವೇ? ಖಂಡಿತ ಬೇಕು. 2004ರಲ್ಲಿ ತಮಿಳುನಾಡಿನ ತೀರಕ್ಕೆ ಅಲೆ ಬರಲು ಸುಮಾರು ಎರಡು ಗಂಟೆ ಹಿಡಿಯಿತು. ಎದ್ದು ಓಡಿಸುವಷ್ಟು ನಡುಕ ನಾಗಪಟ್ಟಿಣದವರ ಕಾಲಡಿಯಲ್ಲಿ ಆಗಿರಲಿಲ್ಲ. ನೆಲ ಹೇಳದ ಸುದ್ದಿಯನ್ನು ಉಪಕರಣವೇ ಹೇಳಬೇಕು. 2007ರಿಂದ ಹೈದರಾಬಾದಿನ ಮುನ್ನೆಚ್ಚರಿಕೆ ಕೇಂದ್ರ ಆ ಕೆಲಸ ಮಾಡುತ್ತಿದೆ. ಆದರೆ ಸುದ್ದಿ ಬಂದ ಮೇಲೆ ಯಾವ ದಾರಿ ಹಿಡಿಯಬೇಕು, ಅಜ್ಜಿಯನ್ನು ಯಾರು ಎತ್ತಿಕೊಳ್ಳಬೇಕು ಎಂಬುದನ್ನು ಹೈದರಾಬಾದ್ ಹೇಳಲಾರದು. ಒಡಿಶಾದ ವೆಂಕಟರಾಯಪುರ, ನೋಲಿಯಾಸಾಹಿ ಗ್ರಾಮಗಳು ಊರವರನ್ನೇ ಕೂಡಿಸಿಕೊಂಡು ಸಿದ್ಧತೆ ನಡೆಸಿ, 2020ರಲ್ಲಿ ಯುನೆಸ್ಕೋದ 'ಸುನಾಮಿ ಸಿದ್ಧ' ಮನ್ನಣೆ ಪಡೆದವು. ಆ ಮನ್ನಣೆ ಫಲಕವಾಗಿ ಗೋಡೆಯಲ್ಲಿ ಉಳಿದರೆ ಸಾಲದು. ಸಿಮೆಲುಯೆಯಲ್ಲಿ ಎಚ್ಚರಿಕೆ ಒಂದು ಶತಮಾನ ಬಾಳಿದ್ದು, ಪ್ರತಿ ತಲೆಮಾರೂ ಅದನ್ನು ತೊಟ್ಟಿಲ ಪಕ್ಕ ಕೂತು ಮತ್ತೆ ಹೇಳಿದ್ದರಿಂದ.